ತೂಕದ ರೊಟ್ಟಿ

ಗಂಡನಿಗೆ ರೊಟ್ಟಿ ತೂಗಿ ಹಾಕುವವಳು ಎಂದು ಭಾಲ್ಕಿ ಪೇಟೆಯೆಲ್ಲ ಆಡಿಕೊಂಡ ಈರಮ್ಮ ನನ್ನ ದೊಡ್ಡವ್ವ, ನಮ್ಮವ್ವನ ಅಕ್ಕ. ಹುಟ್ಟಿದ್ದು ಔರಾದದಲ್ಲಿ. ಬಂದವರ ತಾಟು ಬರಿದಾಗಲು ಬಿಡದಷ್ಟು ದೊಡ್ಡ ಕೈ ಅವಳದು. ಉಣ್ಣುವವರ ರೊಟ್ಟಿ ಎಣಿಸಿದರೆ ದೃಷ್ಟಿ ತಾಗುತ್ತದೆ ಎಂದು ನಂಬಿ ಬೆಳೆದವಳು. ಅಂಥವಳ ಕೈಗೆ ಶಿವ ತಕ್ಕಡಿ ಕೊಟ್ಟ. ಅದು ನಿಜಾಮರ ಕಾಲ. ಸಕ್ಕರೆ ಕಾಯಿಲೆಗೆ ನಮ್ಮ ಕಡೆ ಔಷಧವೇ ಇರಲಿಲ್ಲ.

ಅವಳ ಗಂಡ ಹಾವಗೆಪ್ಪ ಬೇಳೆ ವ್ಯಾಪಾರಿ. ನಲವತ್ತು ದಾಟುತ್ತಲೇ ಒಣಗತೊಡಗಿದ. ಎಷ್ಟು ಕುಡಿದರೂ ಬಾಯಾರಿಕೆ, ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಅವನು ಮೂತ್ರಕ್ಕೆ ಕೂತಲ್ಲಿ ಇರುವೆ ಮುತ್ತುವುದನ್ನು ಕಂಡು ದೊಡ್ಡವ್ವ ಬಂಡಿ ಕಟ್ಟಿಸಿ ಬೀದರಿಗೆ ಕರೆದೊಯ್ದಳು. ಅಲ್ಲಿ ಡಾಕ್ಟರ್ ಮುನೀರೋದ್ದೀನ ಮೂತ್ರಕ್ಕೆ ನೀಲಿ ಔಷಧ ಬೆರೆಸಿ ಕಾಯಿಸಿದರು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ನೋಡ್ರಿ ಬಾಯಿ, ಈ ಬ್ಯಾನಿಗಿ ಊಟಾನೇ ಔಷಧ. ಜ್ವಾಳ ಹೊಟ್ಟ್ಯಾಗ ಹೋಗಿ ಸಕ್ಕರಿ ಆಗ್ತದ. ಬ್ಯಾಳಿ ಮೈ ಕಟ್ತದ. ಎಣ್ಣಿ ಶಾಖ ಕೊಡ್ತದ. ಯಾವುದು ಎಷ್ಟು ಅಂತ ದಿನಾ ತೂಗ್ರಿ. ಒಪ್ಪತ್ತಿಗಿ ಎರಡು ಛಟಾಕು ಹಿಟ್ಟು, ಒಂದು ಛಟಾಕು ಬ್ಯಾಳಿ, ಒಂದು ತೊಲಿ ಎಣ್ಣಿ. ಊಟದಾಗ ಸಿಹಿ ಬಂದ್. ಈ ನೀಲಿ ನೀಲಿಯಾಗೇ ಉಳಿದ್ರ ನಿಮ್ಮ ಯಜಮಾನ್ರು ಬದುಕ್ತಾರ."

ಅಂಗಡಿಯ ಸಣ್ಣ ತಕ್ಕಡಿ ಅಡುಗೆಮನೆಗೆ ಬಂತು. ಮೊದಲ ದಿನ ಬೇಯಿಸಿದ ರೊಟ್ಟಿಯನ್ನೇ ತೂಗಿದಳು. ನೀರಿನ ತೂಕವೂ ಸೇರಿ ಗಂಡನಿಗೆ ಅರೆಹೊಟ್ಟೆಯಾಯಿತು. ಮರುದಿನದಿಂದ ಒಣ ಹಿಟ್ಟು, ಹಸಿ ಬೇಳೆ ತೂಗಿ ಅವನದನ್ನು ಬೇರೆ ಗಡಿಗೆಯಲ್ಲಿ ಬೇಯಿಸಿದಳು. ತಾನೂ ಅಷ್ಟೇ ಉಂಡಳು. ಹಾವಗೆಪ್ಪನ ವಿಧವೆ ಅಕ್ಕ ವಿಮಲಾಬಾಯಿ ಅದೇ ಮನೆಯಲ್ಲಿದ್ದಳು. "ನನ್ನ ತಮ್ಮ ಏನ್ ಅಂಗಡಿ ಮಾಲೇನು? ತೂಗಿ ಹಾಕ್ತಿ," ಎಂದು ಬೈದಳು, ಓಣಿಯೆಲ್ಲ ಸಾರಿದಳು.

ತಿಂಗಳ ಮೇಲೆ ಬೀದರಿಗೆ ಹೋದರೆ ಮತ್ತೆ ಅದೇ ಇಟ್ಟಿಗೆ ಬಣ್ಣ.

"ಕದ್ದು ತಿಂತಾರೇನ್ರಿ?" ಎಂದು ಡಾಕ್ಟರರು ಗದರಿದರು.

"ಇಲ್ರಿ ಸಾಹೇಬ್ರ. ನನ್ನ ಕೈಲೇ ಉಣ್ತಾರ."

ಹಿಟ್ಟು ಒಂದು ಛಟಾಕಿಗೆ, ಅಂದರೆ ಒಂದು ಹಿಡಿಯಷ್ಟಕ್ಕೆ ಇಳಿಯಿತು. ಬಣ್ಣ ಬದಲಾಗಲಿಲ್ಲ. ಅರ್ಧಕ್ಕೆ ಇಳಿಯಿತು. ಚೀಲಗಟ್ಟಲೆ ತೊಗರಿ ಮಾರಿದ ಮನುಷ್ಯ ಅಡುಗೆಮನೆಯ ಬಾಗಿಲಲ್ಲಿ ಕೂತು, "ಇನ್ನೊಂದು ಚೂರು ಕೊಡು," ಎಂದು ಕೈಯೊಡ್ಡುತ್ತಿದ್ದ. ದೊಡ್ಡವ್ವ ಕರುಳು ಗಟ್ಟಿ ಮಾಡಿಕೊಂಡು ತಾಟು ಎತ್ತಿಬಿಡುತ್ತಿದ್ದಳು, ಆಮೇಲೆ ಹಿತ್ತಲಲ್ಲಿ ಅಳುತ್ತಿದ್ದಳು.

ಕಾಲಿನ ಬೆರಳಿಗೆ ಆದ ಗಾಯ ಮಾಯದೆ ಕಪ್ಪಾದಾಗ ಡಾಕ್ಟರರು ಗಂಡ ಹೆಂಡತಿ ಇಬ್ಬರನ್ನೂ ದವಾಖಾನೆಯಲ್ಲೇ ಇಟ್ಟುಕೊಂಡರು. ಮರುದಿನ ಮುಂಜಾನೆ ಹಾವಗೆಪ್ಪ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದ. ದೊಡ್ಡವ್ವ ಎಂದಿನಂತೆ ಎರಡು ಬಾಳೆಹಣ್ಣು, ಒಂದು ಹಿಡಿ ಸಕ್ಕರೆ ನೈವೇದ್ಯಕ್ಕಿಟ್ಟು, ಆಮೇಲೆ ಅವನ ಕೈಗೆ ಕೊಟ್ಟಳು. ಅವನು ತಿನ್ನುತ್ತಿರುವಾಗ ಡಾಕ್ಟರರು ಒಳಗೆ ಬಂದರು.

"ಅದೇನ್ರಿ ಬಾಯಿ?"

"ಪ್ರಸಾದ್ರಿ."

"ದಿನಾ ಕೊಡ್ತೀರೇನು?"

"ಮುಂಜಾನಿ, ಸಂಜಿ. ಪೂಜಿ ಬಿಡ್ಲಿಕ್ಕ ಬರ್ತದೇನ್ರಿ?"

"ತೂಗಿದ್ರೇನು?"

"ಪ್ರಸಾದ ಯಾರರ ತೂಗ್ತಾರೇನ್ರಿ? ಅದು ಊಟ ಅಲ್ಲಲ್ರಿ."

ಡಾಕ್ಟರರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತುಬಿಟ್ಟರು. "ನೀವು ಕಡಿಮಿ ಮಾಡಿದ ರೊಟ್ಟಿಗಿಂತ ಜಾಸ್ತಿ ಸಕ್ಕರಿ ಇದರಾಗ ಅದ," ಎಂದರು.

ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಷ್ಟು ಓದಿದ ಡಾಕ್ಟರರು ಊಟದ ಮಾತು ಕೇಳಿದರು, ಪೂಜೆಯ ಮಾತು ಕೇಳಲಿಲ್ಲ. ದೊಡ್ಡವ್ವನಿಗೆ ಪ್ರಸಾದವನ್ನು ಊಟದ ಲೆಕ್ಕಕ್ಕೆ ಸೇರಿಸಬೇಕೆಂದು ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

ಡಾಕ್ಟರರು ಹೋದ ಮೇಲೆ ಅವಳು ಗಂಡನನ್ನು ಕೇಳಿದಳು. "ನಿಮಗರ ತಿಳೀಲಿಲ್ಲೇನ್ರಿ?"

"ತಿಳಿದಿತ್ತು," ಎಂದ ಹಾವಗೆಪ್ಪ. "ನನ್ನ ಹಸಿವಿ ನೋಡ್ಲಾರ್ದ ಕೊಡ್ತಿ ಅಂದ್ಕೊಂಡಿದ್ನಿ. ಬಾಯಿ ಬಿಟ್ರ ಅದೂ ನಿಂತೀತು ಅಂತ ಸುಮ್ಮನಿದ್ನಿ."

ಅಂದಿನಿಂದ ಲಿಂಗಕ್ಕೆ ಪತ್ರಿ, ನೀರು ಮಾತ್ರ. ಕೆಲವೇ ದಿನಗಳಲ್ಲಿ ಔಷಧ ನೀಲಿಯಾಗಿಯೇ ಉಳಿಯಿತು. ಆದರೆ ಕಾಲಿನ ವಿಷ ಮೈಗೆಲ್ಲ ಏರಿತ್ತು. ಅದೇ ವಾರ ಹಾವಗೆಪ್ಪ ತೀರಿಹೋದ.

ಮಣ್ಣು ಮಾಡಿ ಬಂದ ದಿನ ವಿಮಲಾಬಾಯಿ ನೆರೆದವರೆದುರು, "ನನ್ನ ತಮ್ಮನ್ನ ಉಪವಾಸ ಕೆಡವಿ ಕೊಂದಿ," ಎಂದು ಎದೆ ಬಡಿದುಕೊಂಡಳು. ನಿಜ ಯಾಕೆ ಹೇಳಲಿಲ್ಲ ಎಂದು ನಮ್ಮವ್ವ ಆಮೇಲೆ ದೊಡ್ಡವ್ವನನ್ನು ಸಿಟ್ಟಿನಿಂದ ಕೇಳಿದಳು.

"ಏನಂತ ಹೇಳ್ಲಿ? ಬಾಯಾಗಿನ ರೊಟ್ಟಿ ಕಸ್ಕೊಂಡು, ಕೈಯಾರೆ ಸಕ್ಕರಿ ತಿನ್ನಿಸಿದ್ನಿ ಅಂತ ಹೇಳ್ಲೇನು? ಉಪವಾಸ ಕೆಡವಿದಾಕಿ ಅಂತನೇ ಅನ್ಲಿ ಬಿಡು."