ಕೂಗಿದಾಗಲೆಲ್ಲ ಹೊಡೆದ ಕಂಬ

ಹಿರಿಯೂರಿನಲ್ಲಿ ನಾನು, ನನ್ನ ತಮ್ಮ ಸೇರಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇವೆ. ಆಂಪ್ಲಿಫೈಯರ್ ಮುಂದೆ ಕೂರುವವಳು ನಾನು, ಕಂಬ ಹತ್ತಿ ಹಾರ್ನ್ ಕಟ್ಟುವವನು ಅವನು. ಸಿಟ್ಟಿನಲ್ಲಿ ಮಾತ್ರ ಇಬ್ಬರೂ ಸಮ.

ಆವತ್ತು ಧರ್ಮಪುರದ ಕಡೆ ಕಬಡ್ಡಿ ಪಂದ್ಯ. ಬಯಲು ದೊಡ್ಡದು, ಕೊನೆಯ ಹಾರ್ನ್‌ಗಳಲ್ಲಿ ದನಿ ಸೊರಗುತ್ತಿತ್ತು. ಆಂಪ್ಲಿಫೈಯರ್‌ನಿಂದ ಹೊರಡುವ ದನಿಯ ವೋಲ್ಟೇಜ್ ಸಣ್ಣದು. ಉದ್ದ ತಂತಿಯಲ್ಲಿ ಕಳೆದುಹೋಗದಿರಲೆಂದು ಟ್ರಾನ್ಸ್‌ಫಾರ್ಮರ್ ಹಾಕಿ ಹತ್ತು ಪಟ್ಟು ಏರಿಸಿ ಕಳಿಸುತ್ತೇವೆ. ತಮ್ಮ ಅದರ ಮುಂದಕ್ಕೆ ಇನ್ನೊಂದನ್ನು ಸೇರಿಸಿದ. ಮೊದಲನೆಯದು ಕೊಟ್ಟಿದ್ದನ್ನು ಎರಡನೆಯದು ಮತ್ತೆ ಏರಿಸಬೇಕು.

"ಬ್ಯಾಡ ಕಣೋ. ಅದು ಹತ್ತು ಪಟ್ಟು, ಇದು ಎರಡು ಪಟ್ಟು. ಎರಡೂ ಕೂಡಿ ಹನ್ನೆರಡಾಗಲ್ಲ, ಇಪ್ಪತ್ತಾಗತೈತೆ. ಆಂಪ್ಲಿಫೈಯರ್ ಮೇಲೆ ಹೊರೆ ನಾಕು ಪಟ್ಟು ಬೀಳತೈತೆ," ಅಂದೆ.

"ಜನ ಬೈಯೋದು ನನ್ನ ಕಣಕ್ಕ. ನೀನು ಸುಮ್ನೆ ಕುಂತ್ಕ."

ದನಿ ಬಯಲಿನಾಚೆಗೂ ಮೊಳಗಿತು. ತಮ್ಮ ನನ್ನ ಕಡೆ ನೋಡಿ ನಕ್ಕ. ಎರಡನೇ ಪಂದ್ಯದ ಹೊತ್ತಿಗೆ ತಂತಿಯ ಹಳೇ ಗಂಟಿಗೆ ಸುತ್ತಿದ್ದ ಟೇಪು ಸುಟ್ಟು, ತಂತಿ ಹಾರ್ನ್ ಕಟ್ಟಿದ್ದ ಕಬ್ಬಿಣದ ಕಂಬಕ್ಕೆ ತಾಗಿತು. ಕೆಳಗೆ ನೀರು ಚಿಮುಕಿಸಿದ ನೆಲ. ಮೈಕಿನಲ್ಲಿ ಪಂದ್ಯ ವಿವರಿಸುತ್ತಿದ್ದ ನಿರೂಪಕ ಕೂಗಿದ ಕೂಡಲೇ ಕಂಬ ಹಿಡಿದು ನಿಂತಿದ್ದ ಹೊರಗಿನ ತಂಡದವನೊಬ್ಬ ಚೀರಿ ಬಿದ್ದ. ನಿರೂಪಕ ಬಾಯಿ ಮುಚ್ಚಿದ. ಇನ್ನೊಬ್ಬ ಬಂದು ಕಂಬ ಮುಟ್ಟಿದ, ಏನೂ ಇಲ್ಲ; ದನಿ ಇಲ್ಲದಾಗ ತಂತಿಯಲ್ಲಿ ವೋಲ್ಟೇಜೂ ಇರುವುದಿಲ್ಲ. "ಏನಾಯ್ತ್ರಿ ಅಲ್ಲಿ?" ಎಂದು ನಿರೂಪಕ ಮೈಕಿನಲ್ಲಿ ಕೇಳಿದ್ದೇ ತಡ, ಕಂಬ ಮುಟ್ಟಿದವನೂ ಉರುಳಿದ.

"ಕರೆಂಟ್ ಕೊಟ್ಟವ್ರೆ ಕಣ್ರಲೇ!"

ಹೊರಗಿನ ತಂಡದವರು ಊರಿನವರ ಮೇಲೆ ಬಿದ್ದರು. ಕುರ್ಚಿ ಮುರಿದವು, ಕಲ್ಲು ಹಾರಿದವು. ನಿರೂಪಕ ಗಾಬರಿಯಿಂದ "ಹೊಡೀಬ್ಯಾಡ್ರಿ, ಹೊಡೀಬ್ಯಾಡ್ರಿ" ಎಂದು ಅರಚುತ್ತಿದ್ದ. ಅವನು ಅರಚಿದಷ್ಟೂ ಕಂಬಕ್ಕೆ ತಳ್ಳಲ್ಪಟ್ಟವರಿಗೆ ಏಟು, ಏಟು ತಿಂದವರಿಗೆ ಇನ್ನಷ್ಟು ರೊಚ್ಚು.

"ನಮ್ ತಂತಿ ಕಣ್ರಪ್ಪಾ!" ಎನ್ನುತ್ತ ತಮ್ಮ ನಡುವೆ ನುಗ್ಗಿದ. ಮೊದಲು ಬಿದ್ದವನೇ ಎದ್ದು, ಕಬ್ಬಿಣದ ಸರಳಿನಿಂದ ಅವನ ದವಡೆಗೆ ಬೀಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿತು. ಆಂಪ್ಲಿಫೈಯರ್ ವೈರು ಕಿತ್ತೆಸೆದೆ. ಮೈಕಿನ ಸ್ಟ್ಯಾಂಡ್ ಎತ್ತಿಕೊಂಡು ಓಡಿ, ಸರಳು ಹಿಡಿದವನ ಮೊಣಕೈಗೆ ಬಾರಿಸಿದೆ. ಇನ್ನೊಂದು ಏಟೂ ಕೊಟ್ಟೆ. ಅದು ಬೇಕಿರಲಿಲ್ಲ, ಕೈ ನಿಲ್ಲಲಿಲ್ಲ.

ಮಾರನೇ ದಿನ ಸರಳು ಬೀಸಿದವನು, ತಮ್ಮನನ್ನು ಸೇರಿಸಿದ್ದ ಚಿತ್ರದುರ್ಗದ ಆಸ್ಪತ್ರೆಗೆ ಬಂದ. ಸುಟ್ಟ ಅಂಗೈಗೂ ಮೊಣಕೈಗೂ ಬ್ಯಾಂಡೇಜು.

"ತಂತಿ ನಿಮ್ದೂಂತ ಅವ್ನು ಕೂಗಿದ್ದು ಕೇಳಿಸ್ತು ಕಣಕ್ಕ. ಕೇಳಿಸ್ಕಂಡೇ ಹೊಡ್ದೆ. ಸಿಟ್ಟು ನಿಲ್ಲಲಿಲ್ಲ."

ಕ್ಷಮೆ ಕೇಳಲು ಬಂದವನಿಗೆ ನಾನು ಕೂರು ಎನ್ನಲಿಲ್ಲ. ಅಷ್ಟರಲ್ಲಿ ತಮ್ಮ ಹಾಸಿಗೆಯಿಂದ ಹಾರಿ ಅವನ ಅಂಗಿ ಹಿಡಿದ. ಡ್ರಿಪ್ಪಿನ ಸೂಜಿ ಕಿತ್ತುಬಂದು ಇಬ್ಬರ ಮೇಲೂ ರಕ್ತ ಚಿಮ್ಮಿತು. ಬಂದವನು ಕೈ ಎತ್ತಲಿಲ್ಲ. ಹಾಗೇ ನಿಂತು, ತಮ್ಮನ ಕೈ ಸೋತು ಜಾರುವವರೆಗೂ ಅವನನ್ನು ಬೀಳದಂತೆ ಹಿಡಿದುಕೊಂಡಿದ್ದ.