ಕುರುಗೋಡು ರಸ್ತೆಯ ಮರಹತ್ತುಕ

ಗಾಂಧಿನಗರದ ನಮ್ಮ ಮನೆಗೆ ಕೌಲ್ ಬಜಾರಿನ ಮೆಹಬೂಬ್ ಸಾಬರು ಬಂದಾಗ ನಾನು ಶಾಲೆಗೆ ಪಾಠ ಮಾಡಲು ಹೊರಟಿದ್ದೆ. ನನಗೆ ಹಕ್ಕಿಗಳ ಹುಚ್ಚೆಂಬುದು ಅವರಿಗೆ ಗೊತ್ತಿತ್ತು. ಅವರದು ಮರ ಕಡಿಯುವ ಕಸುಬು. ಅದಿರು ಲಾರಿಗಳಿಗಾಗಿ ಕುರುಗೋಡು ರಸ್ತೆ ಅಗಲವಾಗುತ್ತಿದ್ದ ದಿನಗಳವು.

"ಟೀಚರ್, ಬೇವಿನ ಮರದಾಗ ಗೂಡೈತ್ರಿ. ಇಂಥ ಹಕ್ಕಿ ನಾ ಎಲ್ಲೂ ನೋಡಿಲ್ಲ. ಕೊಡ್ಲಿ ಎತ್ತಾಕ ಮನಸಾಗವಲ್ದು," ಎಂದರು.

ರಜೆ ಚೀಟಿ ಕಳಿಸಿ ಅವರೊಂದಿಗೆ ಬಸ್ ಹತ್ತಿದೆ. ಒಂದು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಮುಂದೆ ಲಾರಿ, ಹಿಂದೆ ಲಾರಿ. ಕಿಟಕಿ ಮುಚ್ಚಿದ್ದರೂ ನನ್ನ ಬಿಳಿ ಸೀರೆ ಕೆಂಪಾಯಿತು. ಕುರುಗೋಡಿಗೆ ಎರಡು ಕಿಲೋಮೀಟರ್ ಇರುವಾಗ ಇಳಿದೆವು.

ರಸ್ತೆಬದಿಯ ಅಷ್ಟು ದೊಡ್ಡ ಮರಗಳ ಸಾಲಿನಲ್ಲಿ ಉಳಿದಿದ್ದವು ನಾಲ್ಕೇ ಬೇವು. ಒಂದರ ಬುಡಕ್ಕೆ ಹಕ್ಕಿ ಹಾರಿ ಬಂದು ಅಂಟಿಕೊಂಡಿತು. ತೊಗಟೆಯದೇ ಬಣ್ಣ, ಮೈತುಂಬ ಬಿಳಿ ಚುಕ್ಕಿ. ಬಾಗಿದ ಕೊಕ್ಕನ್ನು ಬಿರುಕುಗಳಿಗೆ ತೂರಿಸಿ ಜೇಡ ಹೆಕ್ಕುತ್ತ ಕಾಂಡ ಏರತೊಡಗಿತು. ಪುಸ್ತಕದಲ್ಲಷ್ಟೇ ಕಂಡಿದ್ದ ಮರಹತ್ತುಕ! ಕವಲಿನಲ್ಲಿ ಜೇಡರ ಬಲೆ ಹೊದ್ದ ಬಟ್ಟಲಿನಂಥ ಗೂಡು. ಎರಡು ಮರಿಗಳು ಬಾಯಿ ತೆರೆದವು.

ಅಷ್ಟರಲ್ಲಿ ಕೆಲಸದ ಮೇಸ್ತ್ರಿ ಬಂದ. "ಹತ್ತು ದಿನ ಬಿಡ್ರಿ, ಮರಿ ಹಾರಿಹೋಗಲಿ," ಎಂದೆ.

"ಒಂದು ಗುಬ್ಬಿ ಸಲುವಾಗಿ ರೋಡ್ ನಿಲ್ಲಸ್ಲೇನ್ರಿ? ರೋಡಿನ ಇಂಜಿನಿಯರ್ ಸಾಹೇಬ್ರು ಸಿರುಗುಪ್ಪದಾಗ ಅದಾರ, ಅವರನ್ನ ಕೇಳ್ರಿ."

ಸಾಬರನ್ನು ಮರದ ಕಾವಲಿಗೆ ಬಿಟ್ಟು ಸಿರುಗುಪ್ಪದ ಬಸ್ ಹಿಡಿದೆ. ದಾರಿಯುದ್ದಕ್ಕೂ ಹಸಿರು ಭತ್ತದ ಗದ್ದೆ. ನನಗೆ ನೋಡುವ ವ್ಯವಧಾನವಿರಲಿಲ್ಲ. ಸಾಹೇಬರು ಊಟ ಮುಗಿಸುವ ತನಕ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದರು.

"ನನ್ನ ಹತ್ರ ಮರದ ಪಟ್ಟಿ ಇದೆ ಮೇಡಂ, ಹಕ್ಕಿ ಪಟ್ಟಿ ಇಲ್ಲ," ಎಂದು ನಕ್ಕರು. ಅಲ್ಲೇ ಅರ್ಜಿ ಬರೆದುಕೊಟ್ಟೆ. ಓದಲಿಲ್ಲ, ಅದರ ಮೇಲೆ ಮಜ್ಜಿಗೆ ಲೋಟ ಇಟ್ಟರು.

ವಾಪಸ್ ಬಂದಾಗ ಬೇವು ನೆಲಕ್ಕೊರಗಿತ್ತು. ಮೆಹಬೂಬ್ ಸಾಬರ ಅಂಗಿ ಹರಿದಿತ್ತು.

"ಮರಕ್ಕ ತೆಕ್ಕಿ ಬಿದ್ದು ನಿಂತಿದ್ದೆ, ಟೀಚರ್. ನಾಕು ಮಂದಿ ಎಳದು ಒಗದ್ರು. ಬ್ಯಾರೆ ಆಳು ಕರಸಿ ಕಡಸಿದ್ರು." ಗೂಡು, ಮರಿ ಎರಡೂ ಕೊಂಬೆಯಡಿ ಅಪ್ಪಚ್ಚಿಯಾಗಿದ್ದವು.

ಆಗ ತಾಯಿಹಕ್ಕಿ ಬಂತು. ಕೊಕ್ಕಿನಲ್ಲಿ ಹುಳು. ಬುಡಕ್ಕೆ ಅಂಟಿ ಏರತೊಡಗಿತು. ಒಂದು ಗೇಣಿಗೆ ಮರ ಮುಗಿದಿತ್ತು. ಹುಳುವನ್ನು ಬಿಡದೆ ಕೆಳಗಿಳಿಯಿತು, ಮತ್ತೆ ಏರಿತು.

"ಇಲ್ಲಿ ನೋಡ್ರಿ!" ಎಂದು ಮೇಸ್ತ್ರಿಗೆ ಕೂಗಿ ಹೇಳಿದೆ. ಅವನು ಹಗ್ಗ ಹಿಡಿದು ಮುಂದಿನ ಮರದತ್ತ ಹೊರಟಿದ್ದ.