ವಿಭೂತಿ ಮುಟ್ಟಿಸಿ ಹಾಕಿಸಿದ ಸ್ಲ್ಯಾಬು

ಮೂವತ್ತು ವರ್ಷ ಕಚೇರಿಯಲ್ಲಿ ಕುಳಿತು ಕಂಡವರ ಕಾಗದಪತ್ರ ತಿರುವಿ ಹಾಕಿದ ಗುಮಾಸ್ತ ನಾನು. ಯಾವ ಸಹಿ ಖರೆ, ಯಾವುದು ಖೊಟ್ಟಿ ಎಂದು ಮೂಗಿನಿಂದಲೇ ಹೇಳಬಲ್ಲೆ ಎಂಬ ಸೊಕ್ಕಿತ್ತು. ನಿವೃತ್ತನಾದ ಮೇಲೆ ಕಾಗದಗಳು ಹೋದವು, ಸೊಕ್ಕು ಉಳಿಯಿತು. ಆಳಂದದ ನಮ್ಮ ಮನೆಯ ಹಿಂದಿನ ಎರಡು ಖೋಲಿಗಳ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬು ಹಾಕಿಸಬೇಕಾಗಿ ಬಂದಾಗ, ಕಟ್ಟಡ ಕೆಲಸದ ನಂಬಿಗಸ್ತ ಗೌಂಡಿಯನ್ನು ಹುಡುಕುವ ಹೊಣೆಯನ್ನು ಯಾರೂ ಕೊಡದೆಯೇ ನಾನು ಹೊತ್ತುಕೊಂಡೆ.

ಆ ಖೋಲಿಗಳಲ್ಲಿ ಒಂದು ನನ್ನ ಹೆಂಡತಿಯ ರೊಟ್ಟಿ ಖೋಲಿ. ಅವಳು ಜೋಳದ, ಸಜ್ಜೆಯ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಅವಳ ರೊಟ್ಟಿ ಅಫಜಲಪುರ, ಜೇವರ್ಗಿಯವರೆಗೂ ಹೋಗುತ್ತದೆ. ನನ್ನ ಹೆಸರು ನಮ್ಮ ಓಣಿಯನ್ನೇ ದಾಟಿಲ್ಲ. ಖಡಕ್ ರೊಟ್ಟಿಗೆ ತೇವ ತಾಗಿದರೆ ಮುಗಿಯಿತು, ಅದು ಎಮ್ಮೆಯ ಪಾಲು. ಹೀಗಾಗಿ ಆ ಖೋಲಿ ಸೋರುವುದು ಬಿಡುವುದು ಅವಳ ಕಸುಬಿನ ಪ್ರಶ್ನೆಯಾಗಿತ್ತು.

ಗೌಂಡಿಗಳಿಗೆ ನಾನೊಂದು ಪರೀಕ್ಷೆ ಕಂಡುಹಿಡಿದೆ. ದೇವರ ಜಗುಲಿಯ ಮೇಲೆ ಜಿಡಗಾ ಮಠದಿಂದ ತಂದ ವಿಭೂತಿ ಗಟ್ಟಿ ಇತ್ತು. ಅದನ್ನು ಮುಟ್ಟಿ, ಸೋರುವುದಿಲ್ಲ ಎಂದು ಆಣೆ ಮಾಡಿದವನಿಗೆ ಕೆಲಸ. ವಿಭೂತಿ ಮುಟ್ಟಿ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಈ ಉಪಾಯ ಹೊಳೆದ ದಿನ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಮೊದಲು ಬಂದವರು ಹಿರೋಳ್ಳಿಯ ವಯಸ್ಸಾದ ಗೌಂಡಿ. ಅರ್ಧ ದಿನ ಗೋಡೆ ಕುಟ್ಟಿ ನೋಡಿದರು, ಏಣಿ ಹತ್ತಿದರು, ಇಳಿದರು, ಹಿತ್ತಲಿಗೆ ಹೋಗಿ ಕೈ ತೊಳೆದು ಬಂದರು. ನನ್ನೊಂದಿಗೆ ನಾಲ್ಕು ಮಾತೂ ಆಡಲಿಲ್ಲ. ನಾನು ವಿಭೂತಿ ತಂದು ಮುಂದೆ ಹಿಡಿದೆ.

"ಇಭೂತಿ ಹಚ್ಕೊಂತೀನ್ರಿ, ಆಣಿ ಮಾತ್ರ ಮಾಡಂಗಿಲ್ಲ," ಎಂದರು. "ಹಳೀ ಗ್ವಾಡಿಗಿ ಹೊಸಾ ಸ್ಲ್ಯಾಬ್ ಕೂಡಿಸ್ಬೇಕು. ಆ ಜೋಡ ಹ್ಯಾಂಗ ನಿಲ್ತದಂತ ಒಂದ್ ಮಳಿಗಾಲ ನೋಡಿದ ಮ್ಯಾಲೇ ಗೊತ್ತಾಗ್ತದ. ಸೋರಿದ್ರ ಬಂದು ಸರಿ ಮಾಡ್ತೇನಿ. ಸೋರಂಗಿಲ್ಲಂತ ಈಗ ಹ್ಯಾಂಗ ಹೇಳ್ಲಿ?"

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವ ಮನುಷ್ಯ ಎಂದುಕೊಂಡೆ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು: "ಯಾರ ಕಡಿಂದರ ಮಾಡಸ್ರಿ, ಮೊದಲ ಮಳಿ ಮುಗಿಯೋತನಕ ಆ ಗ್ವಾಡಿ ಬಾಜೂಕ ರೊಟ್ಟಿ ಇಡಬ್ಯಾಡ್ರಿ." ಆಣೆಗೆ ಹೆದರುವವರ ಬುದ್ಧಿವಾದ ನಮಗೇಕೆ ಎಂದು ಅದನ್ನು ನಾನು ಹೆಂಡತಿಗೆ ಹೇಳಲೇ ಇಲ್ಲ.

ಎರಡನೆಯವನು ಮೋಟಾರ್‌ಸೈಕಲ್ ಮೇಲೆ ಬಂದ. ನಾನು ಜಗುಲಿಯ ಕಡೆ ತಿರುಗುವಷ್ಟರಲ್ಲಿ ವಿಭೂತಿ ಗಟ್ಟಿ ಅವನ ಕೈಯಲ್ಲಿತ್ತು. "ಒಂದ್ ಹನಿ ಬಿದ್ರ ಕೇಳ್ರಿ ಸಾಹೇಬ್ರ! ದೇವ್ರಾಣಿ, ನಮ್ಮವ್ವನಾಣಿ, ನಿಮ್ಮಾಣಿ. ಭರೋಸಾ ಇಡ್ರಿ." ಅವನು ಮಾಳಿಗೆ ಹತ್ತಿ ನೋಡಲೂ ಇಲ್ಲ. ಆದರೆ ಇಡೀ ನೌಕರಿಯಲ್ಲಿ ಯಾರೂ ನನ್ನನ್ನು ಸಾಹೇಬ್ರ ಎಂದು ಕರೆದಿರಲಿಲ್ಲ. ನಾನು ಕರಗಿ ಹೋದೆ.

ಅವನು ಹೋದ ಮೇಲೆ ಹೆಂಡತಿ ಹೇಳಿದಳು: "ಹಿರೋಳ್ಳಿಯವ್ರು ಮನಿ ನೋಡಿ ಮಾತಾಡಿದ್ರು. ಇಂವ ನಿಮ್ಮ ಮಾರಿ ನೋಡಿ ಮಾತಾಡ್ಯಾನ. ಅವ್ರಿಗೇ ಹೇಳ್ರಿ."

"ನಿನಗ ಇವೆಲ್ಲ ತಿಳಿಯಂಗಿಲ್ಲ, ಸುಮ್ನಿರು," ಎಂದೆ. ಅವಳು ರೊಟ್ಟಿ ಬಡಿಯಲು ಎದ್ದು ಹೋದಳು.

ಬೇಸಿಗೆಯಲ್ಲಿ ಆ ಎರಡನೆಯವನಿಂದಲೇ ಸ್ಲ್ಯಾಬು ಹಾಕಿಸಿದೆ. ಹೋಳಿಗೆ ಊಟ ಮಾಡಿಸಿ, ಟವೆಲ್ ಹೊದಿಸಿ ಅವನನ್ನು ಕಳಿಸಿದೆ. ಮುಂಗಾರು ಶುರುವಾಗುವ ಹೊತ್ತಿಗೆ ಜೇವರ್ಗಿಯ ಒಂದು ಮನೆಯಿಂದ ಬಸುರಿ ಮಗಳ ಕುಬಸದ ಊಟಕ್ಕೆಂದು ದೊಡ್ಡ ಬೇಡಿಕೆ ಬಂತು. ಹೆಂಡತಿ ನಾಲ್ಕು ದಿನ ಒಲೆಯ ಮುಂದೆ ಕುಳಿತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದಳು. ಎಲ್ಲ ಮುಗಿದ ಮೇಲೆ ಮೊದಲ ಬುಟ್ಟಿ ಹಿಡಿದು ಹೊಸ ಖೋಲಿಯ ಬಾಗಿಲಲ್ಲಿ ನಿಂತು, "ಇಲ್ಲಿ ಇಡ್ಲೇನ್ರಿ?" ಎಂದು ಕೇಳಿದಳು. ಹಿರೋಳ್ಳಿಯವರ ಮಾತು ನನಗೆ ನೆನಪಾಯಿತು. ಆದರೆ ಈಗ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ. ಪೇಪರಿನಿಂದ ತಲೆ ಎತ್ತದೆ, "ಇಡು" ಎಂದೆ.

ಮಾರನೆಯ ಮಧ್ಯಾಹ್ನ ಒಂದು ತಾಸು ಮಳೆ ಹೊಡೆಯಿತು. ನೀರು ಸುರಿಯಲಿಲ್ಲ, ಹಳೆಯ ಗೋಡೆಯುದ್ದಕ್ಕೂ ಸದ್ದಿಲ್ಲದೆ ಇಳಿದು ಬುಟ್ಟಿಗಳ ತಳ ಸೇರಿತ್ತು. ನೋಡುವಷ್ಟರಲ್ಲಿ ರೊಟ್ಟಿಗಳು ಒದ್ದೆ ಅರಿವೆಯಂತೆ ಮೆತ್ತಗಾಗಿದ್ದವು. ಗೌಂಡಿಗೆ ಫೋನು ಮಾಡಿದೆ. ಅದು ಸ್ಲ್ಯಾಬಿನ ನೀರಲ್ಲ, ಗೋಡೆಯ ನೀರು ಎಂದು ಅವನು ಫೋನಿನಲ್ಲೇ ಇನ್ನೊಂದು ಆಣೆ ಮಾಡಿದ. ಕೈಲಾಗದವನು ಮೈ ಪರಚಿಕೊಂಡ ಹಾಗೆ ನಾನು ಅಂಗಳದಲ್ಲಿ ನಿಂತು ಕೂಗಾಡಿದೆ. ಹೆಂಡತಿ ಜೇವರ್ಗಿಗೆ ಫೋನು ಹಚ್ಚಿ, ರೊಟ್ಟಿ ಕೊಡಲು ಆಗುವುದಿಲ್ಲ, ತಪ್ಪಾಯಿತು ಎಂದಳು. ಕೊಟ್ಟ ಮಾತು ಅವಳು ಎಂದೂ ತಪ್ಪಿದವಳಲ್ಲ. ಆ ಹೊತ್ತು ಅವಳ ದನಿ ಕೇಳಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಿರೋಳ್ಳಿಗೆ ಹೋಗಿ ಕೈ ಮುಗಿದೆ. ಆ ಹಿರಿಯರು ಒಂದೂ ಕೊಂಕು ಮಾತಾಡದೆ ಬಂದರು. ಜೋಡನ್ನು ಬಿಡಿಸಿ ಮತ್ತೆ ತುಂಬಿದರು, ಅದು ಒಣಗಿದ ಮೇಲೆ ಸ್ಲ್ಯಾಬಿನ ಸುತ್ತ ಮಣ್ಣಿನ ಒಡ್ಡು ಹಾಕಿ ನೀರು ನಿಲ್ಲಿಸಿದರು, ಕೆಳಗೆ ತಾವೇ ಕುಳಿತು ಗೋಡೆ ನೋಡಿದರು. ಗೋಡೆ ಒಣಗಿಯೇ ಇತ್ತು. ಚಹಾ ಕುಡಿಯುತ್ತ ಹೆಂಡತಿಯ ಮುಂದೆ ಎಲ್ಲಿ ಆ ಹಳೆಯ ಮಾತು ತೆಗೆಯುತ್ತಾರೋ ಎಂದು ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ತೆಗೆಯಲಿಲ್ಲ.

ಅವರು ಹೋದ ಮೇಲೆ ನಾನೇ ಒಲೆಯ ಹತ್ತಿರ ಹೋಗಿ, ಅವರು ಅಂದು ಹೇಳಿದ್ದನ್ನೂ ನಾನು ಮುಚ್ಚಿಟ್ಟದ್ದನ್ನೂ ಹೆಂಡತಿಗೆ ಒಪ್ಪಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದ," ಎಂದಳು. "ಅವತ್ತ ಕೈ ತೊಳ್ಕೊಳಾಕ ಹಿತ್ತಲಕ್ಕ ಬಂದಾಗ ನನಗೂ ಹೇಳಿದ್ರು."

"ಗೊತ್ತಿದ್ದೂ ಅಲ್ಲೇ ಯಾಕ ಇಟ್ಟಿ?"

"ನಿಮ್ಮನ್ನ ಕೇಳಿದೆ. ನೀವು ಇಡು ಅಂದ್ರಿ."